ನಮ್ಮ ನೆಲದ ಕೂವೆಗಂಜಿ

ರೊಂಗೆಲಾಪ್ ದ್ವೀಪದ ಚಿಯೊಕೊಗೆ ಹಟ ಜಾಸ್ತಿ. ಜಮೀನು ತಾಯಿಯಿಂದ ಮಗಳಿಗೆ ಇಳಿದು ಬರುವ ಊರದು. ಗಂಡಸರು ಬರೀ ದುಡಿಯುವವರು. ಅವಳ ಪಾಲಿಗೆ ಈ ದಡದಿಂದ ಆ ದಡದವರೆಗೆ ಒಂದು ಪಟ್ಟಿ ನೆಲ ಬಂದಿತ್ತು. ಅವಳಿಗೆ ಹೆಣ್ಣು ಹುಟ್ಟದಿದ್ದರೆ ಅದು ದೊಡ್ಡಮ್ಮನ ಮಗಳು ಎಮ್ರಿನಾಗೆ ಹೋಗಬೇಕು. ಅದೊಂದು ಆಗಕೂಡದೆಂದೇ ಚಿಯೊಕೊ ಬದುಕಿದ್ದಳು.

ಅವಳು ಚಿಕ್ಕವಳಿದ್ದಾಗ ಅಮೆರಿಕದವರು ಆಚೆ ದ್ವೀಪದಲ್ಲಿ ಅಣುಬಾಂಬು ಸಿಡಿಸಿ ಪರೀಕ್ಷೆ ಮಾಡಿದ್ದರು. ಇವರ ತಲೆಯ ಮೇಲೆ ಬಿಳಿ ಬೂದಿ ಸುರಿಯಿತು. ಎಮ್ರಿನಾ ಅಂದು ನೆಂಟರ ಊರಿನಲ್ಲಿದ್ದು ಪಾರಾದಳು. ಮೈ ಸುಟ್ಟು ಕೂದಲುದುರಿದವರನ್ನು ಹಡಗಿನಲ್ಲಿ ಒಯ್ದು, ಮೂರು ವರ್ಷದ ಮೇಲೆ ಇನ್ನೇನೂ ಭಯವಿಲ್ಲವೆಂದು ವಾಪಸು ತಂದುಬಿಟ್ಟರು. ಚಿಯೊಕೊ ಮದುವೆಯಾಗಿ ಎರಡು ಸಲ ಹೆತ್ತಳು. ಎರಡು ಸಲವೂ ಸೂಲಗಿತ್ತಿ ಅಜ್ಜಿ ಕೂಸನ್ನು ಚಾಪೆಯಲ್ಲಿ ಸುತ್ತಿ, "ನೋಡ್ಬೇಡ ಮಗಾ," ಎಂದು ಎತ್ತಿಕೊಂಡು ಹೋದಳು. ಅದಕ್ಕೆ ಮೂಳೆಯೇ ಇರಲಿಲ್ಲವೆಂದು ಊರೆಲ್ಲ ಪಿಸುಗುಟ್ಟಿತು.

"ಲೋಳೆಮೀನು ಹೆರೋಕೆ ಗಂಡ ಯಾಕೆ? ಸಮುದ್ರದಲ್ಲಿ ಬೇಕಾದಷ್ಟಿವೆ," ಎಂದು ಎಮ್ರಿನಾ ಚಾಪೆ ಹೆಣೆಯುವ ಹೆಂಗಸರ ನಡುವೆ ಕೂತು ನಕ್ಕಳು. ಥೂ, ಅದೂ ಒಂದು ನಾಲಿಗೆಯೇ.

ಮೂರನೆಯದು ಹೆಣ್ಣು, ಜೀವಂತ. ಲಿಬೊನ್ ಎಂದು ಹೆಸರಿಟ್ಟರು. ವರ್ಷ ತುಂಬಿ ಊರಿಗೆಲ್ಲ ವರ್ಷದೂಟ ಹಾಕುವ ತನಕ ಅಲ್ಲಿ ಕೂಸು ಉಳಿಯಿತೆಂದು ಯಾರೂ ನಂಬುವುದಿಲ್ಲ. ಇದೋ ಹಿಡಿಯಷ್ಟೇ ಇತ್ತು. ವರ್ಷಕ್ಕೊಮ್ಮೆ ಹಡಗಿನಲ್ಲಿ ಬಂದು ಊರವರ ಮೈ ಪರೀಕ್ಷಿಸುವ ಅಮೆರಿಕದ ಡಾಕ್ಟರು ಹಾಲಿನ ಡಬ್ಬ ಕೊಟ್ಟರು. ತೆಂಗಿನ ಮರ ಹತ್ತುವ ದೊಡ್ಡ ಏಡಿಯಲ್ಲಿ ವಿಷವಿದೆ, ತಿನ್ನಬೇಡಿ ಎಂದರು. ಬೇರೆ ಯಾವ ತಿನಿಸಿನ ಸುದ್ದಿಯನ್ನೂ ಎತ್ತಲಿಲ್ಲ. ಎಮ್ರಿನಾ ತನ್ನ ಮಕ್ಕಳಿಗೆ ಡಬ್ಬದ ಹಾಲನ್ನೇ ಕುಡಿಸಿದಳು.

"ಮೈಗಳ್ಳಿ," ಎಂದಳು ಚಿಯೊಕೊ. "ಡಬ್ಬದ ಹಾಲು ಕುಡ್ದ ಮಗು ಡಬ್ಬದ ಊರಿಗೇ ಸೇರ್ತದೆ. ನನ್ ಮಗ್ಳು ತನ್ ನೆಲದ್ದೇ ತಿಂದು ಬೆಳೀಲಿ."

ತನ್ನ ಪಟ್ಟಿಯ ಕೂವೆಗಡ್ಡೆ ಅಗೆದು, ತುರಿದು, ಸೋಸಿ, ಗಂಜಿ ಕಾಸಿ, ಕೇದಗೆ ಹಣ್ಣಿನ ರಸ ಬೆರೆಸಿ ದಿನವೂ ಬೆರಳಿನಿಂದ ನೆಕ್ಕಿಸಿದಳು. ರುಚಿ ನೋಡಿದಾಗ, ಬೂದಿ ಬೀಳುವ ಮುಂಚೆ ಎಂದೂ ಇಲ್ಲದ ಹಾಗೆ ತನ್ನ ಬಾಯಿ ಉರಿದದ್ದನ್ನು ಯಾರಿಗೂ ಹೇಳಲಿಲ್ಲ. ಮಗು ಉಳಿಯಿತು. ವರ್ಷದೂಟಕ್ಕೆ ಊರಿಗೆ ಊರೇ ಬಂತು.

"ಹೊಟ್ಟೆ ತುಂಬಾ ಉಣ್ಣಕ್ಕ," ಎಂದು ಎಮ್ರಿನಾಗೆ ಹಂದಿಮಾಂಸ ಬಡಿಸಿದಳು ಚಿಯೊಕೊ. "ನೆಲ ಅಂತೂ ನಿಂಗೆ ದಕ್ಕಲ್ಲ."

ಲಿಬೊನ್ ದೊಡ್ಡವಳಾಗುವಷ್ಟರಲ್ಲಿ ನೆಲದಲ್ಲಿ ವಿಷ ಹಾಗೇ ಉಳಿದಿದೆಯೆಂದು ತಿಳಿದು ಊರೇ ಗಂಟುಮೂಟೆ ಕಟ್ಟಿ ಮೆಜಾಟೊ ದ್ವೀಪಕ್ಕೆ ಹೋಯಿತು. ಅಲ್ಲಿ ಅವಳ ಗಂಟಲಲ್ಲಿ ಗಡ್ಡೆ ಎದ್ದಿತು. ಕತ್ತು ಕುಯ್ದು ತೆಗೆದರು; ದನಿ ಹೋಗಿ ಪಿಸುಮಾತು ಉಳಿಯಿತು. ಆದರೂ ಮದುವೆಯಾದಳು, ಬಸುರಿಯಾದಳು. ಮೊಮ್ಮಗಳ ವರ್ಷದೂಟಕ್ಕೆಂದು ಚಿಯೊಕೊ ಮೊದಲೇ ನಾಜೂಕಾದ ಚಾಪೆ ಹೆಣೆದಿಟ್ಟಳು.

ಹುಟ್ಟಿದ್ದನ್ನು ಆ ಚಾಪೆಯಲ್ಲೇ ಸುತ್ತಬೇಕಾಯಿತು. ಈ ಸಲ "ನೋಡ್ಬೇಡ ಮಗಾ," ಎಂದವಳು ಚಿಯೊಕೊ. ಹೆಣ್ಣೇ ಆಗಿತ್ತು.

ಸಂಜೆ ಎಮ್ರಿನಾ ಬಂದು ಬಾಗಿಲಲ್ಲಿ ನಿಂತಳು.

"ಬಂದ್ಯಾ ಅಕ್ಕ? ತಗೊಂಡ್ಹೋಗು. ಇನ್ನು ನೆಲ ನಿನ್ ಮಕ್ಕಳ್ದೇ," ಎಂದಳು ಚಿಯೊಕೊ.

ಎಮ್ರಿನಾ ನಗಲಿಲ್ಲ. "ನಮಗೆ ಬೇಡ ಕಣೆ. ನನ್ ಮೊಮ್ಮಕ್ಕಳು ಬಾಳ್ಬೇಕು. ನೀನೇ ಇಟ್ಕೋ."

ಅವಳು ಹೋದ ಮೇಲೆ ಲಿಬೊನ್ ಪಿಸುಗುಟ್ಟಿದಳು: "ಅಮ್ಮಾ, ನಂಗೂ ಡಬ್ಬದ ಹಾಲೇ ಕುಡಿಸ್ಬಾರ್ದಿತ್ತಾ?"

ಕೇಳಿಸದವಳಂತೆ ಚಿಯೊಕೊ ಮಗಳ ಕಾಲು ಒತ್ತುತ್ತಲೇ ಇದ್ದಳು. ಲಿಬೊನ್ ಮತ್ತೊಮ್ಮೆ ಕೇಳಿದಳು.