ರೊಟ್ಟಿಗೆ ನಾವು ಉಪ್ಪು ಹಾಕುವುದಿಲ್ಲ

ನನ್ನ ಮೈಯಲ್ಲಿ ಎರಡು ರೋಗಗಳಿವೆ. ಒಂದು ಬಿ.ಪಿ., ಅದು ಇರುವುದೇ ಗೊತ್ತಾಗುವುದಿಲ್ಲ. ಇನ್ನೊಂದು ನರದ ನೋವು, ಅದು ಇಲ್ಲದ ಗಳಿಗೆಯೇ ಇಲ್ಲ. ಎರಡನ್ನೂ ಇಟ್ಟುಕೊಂಡು ನಾನು ಇವತ್ತಿಗೂ ರೊಟ್ಟಿ ಬಡಿಯುತ್ತೇನೆ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆ ಇಲ್ಲ. ಮುದುಕಿ ಜಂಬ ಕೊಚ್ಚುತ್ತಾಳೆ ಅನ್ನುವವರು ಅನ್ನಲಿ.

ಆಗ ಅಮೀರ್‌ಪೇಟೆಯಲ್ಲಿ ಗೋಡೆಗಳೇ ಕಾಣುತ್ತಿರಲಿಲ್ಲ. ನೆಲದಿಂದ ಮಾಳಿಗೆಯವರೆಗೆ ಕಂಪ್ಯೂಟರ್ ಕೋರ್ಸಿನ ಬೋರ್ಡುಗಳು. ಆ ಕಟ್ಟಡಗಳಲ್ಲಿ ಕೆಲವಕ್ಕೆ ನಾನೇ ಸಿಮೆಂಟು ಹೊತ್ತಿದ್ದೆ. ರಾಯಚೂರು ಕಡೆಯಿಂದ ನಾನೂ ನನ್ನ ಗಂಡನೂ ಈ ತೆಲುಗಿನವರ ದೊಡ್ಡ ಊರಿಗೆ ಕೂಲಿಗೆಂದು ಬಂದವರು. ಅವನು ತೀರಿಕೊಂಡ ಮೇಲೆ ತಲೆಯ ಮೇಲಿನ ಬುಟ್ಟಿ ಇಳಿಸಿ, ಒಂದು ಹೆಣ್ಣುಮಕ್ಕಳ ಹಾಸ್ಟೆಲಿನ ಹಿಂದೆ ತಗಡಿನ ಶೆಡ್ಡು ಹಿಡಿದು ಒಲೆ ಹೂಡಿದೆ. ಕೋರ್ಸು ಕಲಿಯಲು ಬಂದ ನಮ್ಮ ಕಡೆಯ ಹುಡುಗಿಯರು ಹಾಸ್ಟೆಲಿನ ಅನ್ನ ತಿಂದು ಬೇಸತ್ತಿದ್ದರು. ಬಿಸಿ ಜೋಳದ ರೊಟ್ಟಿಯ ವಾಸನೆಗೆ ಒಬ್ಬಳು ಬಂದಳು, ಮಾರನೆಯ ದಿನ ಗೆಳತಿಯರನ್ನು ಕರೆದುಕೊಂಡು ಬಂದಳು. ಎಲ್ಲರೂ ನನ್ನನ್ನು ಆಯಿ ಎಂದೇ ಕರೆಯುತ್ತಿದ್ದರು. ಕೂಲಿಯಲ್ಲಿ ಮೇಸ್ತ್ರಿ ಹೇಳಿದ ಹಾಗೆ ಕೇಳಬೇಕಿತ್ತು. ಶೆಡ್ಡಿನಲ್ಲಿ ನಾನು ಹೇಳಿದ ಹಾಗೆ ಎಲ್ಲರೂ ಕೇಳುತ್ತಿದ್ದರು. ಅಷ್ಟು ವಯಸ್ಸಾದ ಮೇಲೆ ನನಗೆ ಸಿಕ್ಕ ಮೊದಲ ಸ್ವಂತ ಜಾಗ ಅದು.

ಒಂದು ಬೇಸಿಗೆಯಲ್ಲಿ ಬೆನ್ನ ಮೇಲೆ ಉರಿ ಶುರುವಾಯಿತು. ಆಮೇಲೆ ಸಣ್ಣ ಸಣ್ಣ ನೀರುಗುಳ್ಳೆಗಳು, ಬೆನ್ನುಮೂಳೆಯಿಂದ ಬಲ ಎದೆಯ ಕೆಳಗಿನವರೆಗೆ ಪಟ್ಟಿ ಕಟ್ಟಿದ ಹಾಗೆ. ಸರ್ಪಸುತ್ತು ಅಂದರು. ಕೆಮ್ಮಣ್ಣು ಹಚ್ಚುವವನನ್ನು ಕರೆಸಿದರು, ಹಚ್ಚಿಸಿಕೊಂಡೆ. ಗುಳ್ಳೆಗಳು ಒಣಗಿ ಉದುರಿದವು. ನೋವು ಮಾತ್ರ ಅಲ್ಲೇ ಮನೆ ಮಾಡಿತು. ಕುಪ್ಪಸದ ಹೊಲಿಗೆ ತಾಕಿದರೆ ಕಾದ ತಂತಿ ಎಳೆದಂತಾಗುತ್ತಿತ್ತು. ಫ್ಯಾನಿನ ಗಾಳಿಯೂ ಆ ಪಟ್ಟಿಗೆ ಆಗಿಬರುತ್ತಿರಲಿಲ್ಲ. ಅದಕ್ಕೆ ನಾನು ಹಳೇ ಕುಪ್ಪಸವನ್ನು ಒಳಗಿನದು ಹೊರಗೆ ಮಾಡಿ ಹಾಕಿಕೊಳ್ಳತೊಡಗಿದೆ, ಹೊಲಿಗೆಯ ಅಂಚು ಮೈಗೆ ಹತ್ತಬಾರದೆಂದು.

ಬೀದರಿನ ಹುಡುಗಿಯೊಬ್ಬಳಿಗೆ ಬಾಯಿ ಸುಮ್ಮನಿರುತ್ತಿರಲಿಲ್ಲ. "ಆಯಿ, ಕುಪ್ಪಸ ಉಲ್ಟಾ ಹಾಕ್ಕೊಂಡೀರಲ್ರಿ" ಅಂದಳು.

"ನೆಟ್ಟಗ ಹಾಕ್ಕೊಂಡ್ರ ಅದು ಕಡೀತೈತಿ. ನೀ ನಿನ್ನ ತಾಟ ನೋಡಿ ಉಣ್ಣು."

ನೋವಿಗೆಂದು ಮೆಡಿಕಲ್ ಅಂಗಡಿಯಿಂದ ಗುಳಿಗೆ ತಂದು ನುಂಗುತ್ತಿದ್ದೆ. ಅಂಗಡಿಯವನು ಕೇಳಿದಾಗಲೆಲ್ಲ ಕೊಡುತ್ತಿದ್ದ, ನಾನು ನೋವಾದಾಗಲೆಲ್ಲ ಕೇಳುತ್ತಿದ್ದೆ. ಕಾಲು ಊದಿತು. ತಲೆಯ ಹಿಂಭಾಗ ಭಾರವಾಯಿತು. ಒಂದು ಬೆಳಿಗ್ಗೆ ಹಂಚಿನ ಮೇಲೆ ರೊಟ್ಟಿ ಹಾಕಿ ಎದ್ದವಳು ಕಣ್ಣು ಕತ್ತಲಾಗಿ ಹಿಟ್ಟಿನ ಚೀಲದ ಮೇಲೆ ಕುಸಿದೆ. ಹುಡುಗಿಯರು ನನ್ನ ಮಗನಿಗೆ ಸುದ್ದಿ ಮುಟ್ಟಿಸಿದರು. ಅವನು ಸನತ್‌ನಗರದ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇತ್ ಮಷೀನಿನ ಮುಂದೆ ನಿಲ್ಲುವವನು. ನಾನೂ ಅವನ ಒಂದು ಖೋಲಿಯ ಮನೆಯಲ್ಲೇ ಮಲಗುತ್ತಿದ್ದೆ. ಸೊಸೆ ನನ್ನನ್ನು ಹತ್ತಿರದ ಡಾಕ್ಟರಮ್ಮನ ಬಳಿಗೆ ಕರೆದೊಯ್ದಳು.

ಡಾಕ್ಟರಮ್ಮ ತೆಲುಗಿನವಳು. ನನ್ನ ತೆಲುಗು ಕೂಲಿಯ ತೆಲುಗು. ಆದರೂ ನಮ್ಮಿಬ್ಬರಿಗೂ ಮಾತು ಕೂಡಿತು. ಅವಳು ತೋಳಿಗೆ ಪಟ್ಟಿ ಸುತ್ತಿ ಗಾಳಿ ಊದಿದಳು, ಬಿಚ್ಚಿದಳು, ಮತ್ತೆ ಊದಿದಳು.

"ಮಷೀನು ಕೆಟ್ಟಿರಬೇಕು" ಅಂದೆ.

"ಮಷೀನು ಸರಿಯಾಗಿದೆ ಅಮ್ಮಾ, ಕೆಟ್ಟಿರುವುದು ನೀವು" ಅಂದಳು. ಅಲ್ಲಿಂದಲೇ ಅವಳು ನನಗೆ ಹಿಡಿಸಿದಳು.

ಅಂಗಡಿಯ ಗುಳಿಗೆಗಳನ್ನು ಕಸದ ಡಬ್ಬಿಗೆ ಹಾಕಿದಳು. ಅವು ಬಿ.ಪಿ.ಯನ್ನು ಮೇಲಕ್ಕೆ ತಳ್ಳುತ್ತವೆಯಂತೆ. ನೋವೂ ತಳ್ಳುತ್ತದೆಯಂತೆ. ಹುಣ್ಣು ಒಣಗಿದೆ, ಆದರೆ ಅದು ಕಚ್ಚಿಹೋದ ನರ ಇನ್ನೂ ಹಸಿ ಇದೆ ಅಂದಳು. ಬೆಳಿಗ್ಗೆಗೆ ಬಿ.ಪಿ. ಗುಳಿಗೆ, ಮಲಗುವಾಗ ನರದ ಗುಳಿಗೆ ಕೊಟ್ಟಳು. ಉಪ್ಪು ಎಷ್ಟು ತಿನ್ನುತ್ತೀರಿ ಎಂದು ಕೇಳಿದಳು.

"ನಾವು ರೊಟ್ಟಿ ತಿನ್ನುವ ಮಂದಿ. ರೊಟ್ಟಿಗೆ ನಾವು ಉಪ್ಪು ಹಾಕುವುದಿಲ್ಲ" ಅಂದೆ. ಅದು ನಿಜ. ಬಿಸಿನೀರು, ಜೋಳದ ಹಿಟ್ಟು, ಬೇರೆ ಏನೂ ಇಲ್ಲ. ಡಾಕ್ಟರಮ್ಮನಿಗೆ ಸಂತೋಷವಾಯಿತು. ಎಲ್ಲರೂ ನಿಮ್ಮ ಹಾಗೆ ತಿಂದರೆ ಎಷ್ಟು ಚೆನ್ನ ಅಂದಳು. ನಾನೂ ಉಬ್ಬಿದೆ.

ಹೋದಾಗಲೆಲ್ಲ ಅವಳು ತೋಳಿಗೆ ಗಾಳಿ ಊದುತ್ತಿದ್ದಳು, ಹೋದಾಗಲೆಲ್ಲ ಅವಳ ಹುಬ್ಬು ಗಂಟಾಗುತ್ತಿತ್ತು. ಬಿ.ಪಿ. ಇಳಿಯಲಿಲ್ಲ. ಗುಳಿಗೆ ದೊಡ್ಡದಾಯಿತು, ಜೊತೆಗೆ ಇನ್ನೊಂದು ಬಂತು. ಆಗಲೂ ಇಳಿಯಲಿಲ್ಲ. ಕೊನೆಗೆ ಅವಳು, "ಮುಂದಿನ ತಿಂಗಳೂ ಹೀಗೇ ಇದ್ದರೆ ಒಲೆಯ ಕೆಲಸ ಬಿಡಬೇಕಾಗುತ್ತದೆ ಅಮ್ಮಾ. ಆ ಸೆಕೆಯಲ್ಲಿ ಮತ್ತೊಮ್ಮೆ ಬಿದ್ದರೆ ಏಳುವುದು ಕಷ್ಟ" ಅಂದಳು. ಸೊಸೆ ಮನೆಗೆ ಬಂದು ಅದನ್ನು ಒಂದಕ್ಷರ ಬಿಡದೆ ಗಂಡನಿಗೆ ಒಪ್ಪಿಸಿದಳು.

ಮಗನಿಗೆ ಅಷ್ಟೇ ಬೇಕಾಗಿತ್ತು. "ಸಾಕ್ ಬಿಡ್ ಬೇ ಯವ್ವಾ. ಒಲಿ ಮುಂದ ಬಿದ್ದು ಸತ್ತರ ಮಂದಿ ನನಗೇನಂದಾರು?"

"ರೊಟ್ಟಿ ಬಡಿಯಾಕತ್ತಿದ್ದಾಗ ಸತ್ಲು ಅಂತ ಹೇಳು. ಮಗನ ಮನ್ಯಾಗ ಗ್ವಾಡಿ ನೋಡಿಕೋತ ಸತ್ಲು ಅನ್ನೂದಕ್ಕಿಂತ ಚಲೋ."

"ನನ್ನ ಮನ್ಯಾಗ ಗ್ವಾಡಿ ಬಿಟ್ರ ಬ್ಯಾರೆ ಏನೂ ಇಲ್ಲೇನು?"

"ಐತಲ್ಲ, ಟಿ.ವಿ. ಅದೂ ಗ್ವಾಡಿಗೇ ಹತ್ತಿ ಕುಂತೈತಿ."

ಸೊಸೆ ನಡುವೆ ತಾಟು ಇಟ್ಟಳು. "ಇಬ್ಬರೂ ಮೊದಲ ಉಣ್ರಿ. ಸಾಯೂ ಮಾತು ಉಂಡ ಮ್ಯಾಲ ಆಡ್ರಿ."

ಉಣ್ಣುವಾಗ ಮಗ ತಲೆ ತಗ್ಗಿಸಿಯೇ ಹೇಳಿದ, ಶೆಡ್ಡು ಕೇಳಿಕೊಂಡು ಒಬ್ಬ ಬಂದಿದ್ದಾನೆ, ಜೆರಾಕ್ಸ್ ಅಂಗಡಿ ಹಾಕುತ್ತಾನಂತೆ, ಕೋರ್ಸಿನ ಹುಡುಗರಿಗೆ ನೋಟ್ಸು ಬೇಕಲ್ಲ. ಮುಂದಿನ ತಿಂಗಳು ಡಾಕ್ಟರ್ ಹೇಳಿದ್ದನ್ನು ಕೇಳಿ ಅವನಿಗೆ ಮಾತು ಕೊಡುತ್ತಾನಂತೆ. ಅಂದರೆ ಬಿ.ಪಿ. ಇಳಿದರೆ ಶೆಡ್ಡು ನನ್ನದು, ಇಳಿಯದಿದ್ದರೆ ಜೆರಾಕ್ಸಿನವನದು. ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಅವನು ಹೆದರಿದ್ದ. ಅಪ್ಪ ಕೆಲಸದ ಜಾಗದಲ್ಲೇ ಬಿದ್ದು ಹೋದದ್ದನ್ನು ಕಣ್ಣಾರೆ ಕಂಡವನು ಅವನು.

ಮುಂದಿನ ಸಲ ಹೋಗುವಾಗ ಒಂದು ಬಟ್ಟೆಯಲ್ಲಿ ಬಿಸಿ ರೊಟ್ಟಿ, ಒಂದು ಡಬ್ಬಿಯಲ್ಲಿ ರಂಜಕ ಕಟ್ಟಿಕೊಂಡೆ. ರಂಜಕವೆಂದರೆ ಕೆಂಪು ಹಸಿಮೆಣಸಿನಕಾಯಿ, ಬೆಳ್ಳುಳ್ಳಿ ಕುಟ್ಟಿ ಜಾಡಿಯಲ್ಲಿ ತುಂಬಿಡುವ ಖಾರ. ನನ್ನ ರೊಟ್ಟಿ ತಿಂದವಳು ಒಲೆ ಬಿಡು ಎಂದು ಸುಲಭಕ್ಕೆ ಹೇಳಲಿಕ್ಕಿಲ್ಲ ಎಂಬ ಲೆಕ್ಕಾಚಾರ ನನ್ನದು. ಲಂಚ ಅಂದರೆ ಲಂಚ.

ಡಾಕ್ಟರಮ್ಮ ಗಾಳಿ ಊದಿ ನೋಡಿದಳು, ಹುಬ್ಬು ಗಂಟಾಯಿತು. ನಾನು ತಡಮಾಡದೆ ಡಬ್ಬಿ ಬಿಚ್ಚಿದೆ. ಅವಳು ರೊಟ್ಟಿಯ ತುಂಡಿಗೆ ರಂಜಕ ಹಚ್ಚಿ ಬಾಯಿಗಿಟ್ಟಳು. ಕಣ್ಣಲ್ಲಿ ನೀರು ಬಂತು. ಖಾರಕ್ಕೆ ಅಂದುಕೊಂಡೆ. ಅವಳು ಒಂದು ಲೋಟ ನೀರು ಕುಡಿದು ಕೇಳಿದಳು:

"ಇದನ್ನು ದಿನಾ ತಿನ್ನುತ್ತೀರಾ?"

"ಇದಿಲ್ಲದೆ ರೊಟ್ಟಿ ಗಂಟಲಲ್ಲಿ ಇಳಿಯುತ್ತದೆಯೇ? ಎರಡು ಹೊತ್ತೂ ತಿನ್ನುತ್ತೇನೆ."

"ಎಷ್ಟು ಉಪ್ಪು ಇದರಲ್ಲಿ?"

"ಹಿಡಿ ಹಿಡಿ ಹಾಕಬೇಕು. ಇಲ್ಲದಿದ್ದರೆ ಜಾಡಿಯಲ್ಲಿ ಬೂಸು ಹಿಡಿಯುತ್ತದೆ."

"ನೀವು ಉಪ್ಪೇ ತಿನ್ನುವುದಿಲ್ಲ ಅಂದಿದ್ದಿರಿ."

"ರೊಟ್ಟಿಗೆ ಹಾಕುವುದಿಲ್ಲ ಅಂದಿದ್ದೆ."

ಜೊತೆಗೆ ಬಂದಿದ್ದ ಸೊಸೆ ಆಗ ಬಾಯಿ ಬಿಟ್ಟಳು. "ಮತ್ತ ಮಜ್ಜಿಗಿ ಬ್ಯಾರೆ ಕುಡೀತಾರ್ರಿ. ಉರೀತೈತಿ ಉರೀತೈತಿ ಅಂತ ತಂಬಿಗಿ ತಂಬಿಗಿ, ಉಪ್ಪು ಹಾಕ್ಕೊಂಡು." ಅವಳಿಗೆ ತೆಲುಗು ತಿಳಿಯುತ್ತದೆ, ಆಡಲು ಬಾರದು. ಡಾಕ್ಟರಮ್ಮನಿಗೆ ನಾನೇ ಅದನ್ನು ತೆಲುಗಿನಲ್ಲಿ ಹೇಳಬೇಕಾಯಿತು. ನನ್ನ ಚಾಡಿಯನ್ನು ನಾನೇ ಹೇಳಿದಂತಾಯಿತು.

ನಮ್ಮ ಕಡೆ ಯಾರಿಗೆ ಏನು ಉರಿದರೂ ಉಷ್ಣ ಅನ್ನುತ್ತೇವೆ, ಉಷ್ಣಕ್ಕೆ ಉಪ್ಪು ಹಾಕಿದ ಮಜ್ಜಿಗೆ ಕುಡಿಯುತ್ತೇವೆ. ಬೆನ್ನು ಉರಿದಾಗಲೆಲ್ಲ ನಾನು ತಂಬಿಗೆ ಎತ್ತಿದ್ದೆ, ಬೆನ್ನು ದಿನವಿಡೀ ಉರಿಯುತ್ತಿತ್ತು. ಡಾಕ್ಟರಮ್ಮ ಹಣೆಗೆ ಕೈಹಚ್ಚಿ ನಕ್ಕಳು, ಆಮೇಲೆ ಬಿಡಿಸಿ ಹೇಳಿದಳು. ಮೈ ಕಾದಿಲ್ಲ. ಕೆಟ್ಟ ನರ ಬೆಂಕಿ ಬೆಂಕಿ ಎಂದು ಸುಳ್ಳು ಸುದ್ದಿ ಕಳಿಸುತ್ತಿದೆ. ಆ ಸುಳ್ಳಿಗೆ ನಾನು ಉಪ್ಪುನೀರು ಸುರಿದಿದ್ದೇನೆ, ನೋವು ಅದಕ್ಕೆ ಬಗ್ಗಲಿಲ್ಲ, ಬಿ.ಪಿ. ಮಾತ್ರ ಕುಡಿದು ಕೊಬ್ಬಿತು.

"ಹಾಗಾದರೆ ಇನ್ನೊಂದು ತಿಂಗಳು ಬಿಡಿ. ಉಪ್ಪು ಬಿಟ್ಟು ತೋರಿಸುತ್ತೇನೆ. ಆಗಲೂ ಇಳಿಯದಿದ್ದರೆ ನಾನೇ ಒಲೆ ಆರಿಸುತ್ತೇನೆ" ಅಂದೆ. ಅವಳು ಒಪ್ಪಿದಳು. ಮಗ ಗೊಣಗಿಕೊಂಡು ಒಪ್ಪಿದ. ಜೆರಾಕ್ಸಿನವನು ಕಾಯುತ್ತೇನೆ ಅಂದನಂತೆ.

ಉಪ್ಪು ಬಿಡುವುದು ನೋವಿಗಿಂತ ಕಷ್ಟ ಎಂದು ಆಗ ಗೊತ್ತಾಯಿತು. ರಂಜಕದ ಬದಲು ಹುರಿದ ಶೇಂಗಾ, ಒಣಮೆಣಸಿನಕಾಯಿ, ಬೆಳ್ಳುಳ್ಳಿ ಕುಟ್ಟಿ ನಿಂಬೆಹಣ್ಣು ಹಿಂಡಿಕೊಂಡೆ. ಮೊದಮೊದಲು ಮಣ್ಣು ಮೆದ್ದ ಹಾಗಿತ್ತು. ಹುಡುಗಿಯರ ಪಲ್ಯಕ್ಕೆ ಉಪ್ಪು ಹಾಕಬೇಕಲ್ಲ, ಅದನ್ನು ನಾಲಿಗೆಗೆ ಹಚ್ಚದೆ ಕೈಯ ಅಂದಾಜಿನಲ್ಲಿ ಹಾಕಿದೆ. ಹೆಚ್ಚಾಯಿತೆಂದು ಒಬ್ಬಳೂ ತಕರಾರು ಮಾಡಲಿಲ್ಲ. ಮಜ್ಜಿಗೆಯನ್ನು ಸಪ್ಪೆಯಾಗಿಯೇ ಕುಡಿದೆ. ನರದ ಗುಳಿಗೆಯಿಂದ ಬೆಳಿಗ್ಗೆ ತಲೆ ತಿರುಗುತ್ತಿತ್ತು. ಹಾಸಿಗೆಯ ಮೇಲೆ ಸ್ವಲ್ಪ ಹೊತ್ತು ಕೂತು, ಗೋಡೆ ತನ್ನ ಜಾಗಕ್ಕೆ ಬಂದು ನಿಂತ ಮೇಲೆ ಏಳುವುದನ್ನು ಕಲಿತೆ.

ಇನ್ನು ಬಲಗೈ. ಒಂದೊಂದು ಬಡಿತಕ್ಕೂ ಬಲಮಗ್ಗುಲಿನ ಚರ್ಮ ಬಟ್ಟೆಗೆ ತಿಕ್ಕಿ ಕಿಡಿ ಹಾರುತ್ತಿತ್ತು. ಅಂಗಡಿಯ ಗುಳಿಗೆಯೂ ಇಲ್ಲ ಈಗ. ಹಾಗಾಗಿ ಎಡಗೈಯಿಂದ ಬಡಿಯಲು ಕೂತೆ.

ಸೊಸೆ ನೋಡಿ, "ಎಡಗೈಲೆ ಬ್ಯಾಡ್ರಿ ಅತ್ತಿ, ಮಂದಿ ಉಣ್ಣೂ ರೊಟ್ಟಿ" ಅಂದಳು.

"ಅದೂ ನನ್ನ ಕೈನ. ತೊಳಕೊಂಡೀನಿ."

ಜೀವಮಾನವೆಲ್ಲ ಬರೀ ರೊಟ್ಟಿ ತಿರುಗಿಸಿದ ಕೈಗೆ ಬಡಿಯುವುದೆಂದರೆ ಏನು ಗೊತ್ತು? ಒಂದು ಕಡೆ ದಪ್ಪ, ಒಂದು ಕಡೆ ಹರಕು. ಬೀದರಿನ ಹುಡುಗಿ ರೊಟ್ಟಿಯನ್ನು ಎತ್ತಿ ಬೆಳಕಿಗೆ ಹಿಡಿದಳು. "ಆಯಿ, ಇದು ರೊಟ್ಟಿನೋ ಕರ್ನಾಟಕದ ಮ್ಯಾಪೋ?"

"ನಿಮ್ಮ ಬೀದರ್ ಎಲ್ಲೈತಿ ನೋಡು. ಅಲ್ಲಿಂದ ಮುರಕೊಂಡು ಉಣ್ಣಾಕ ಶುರು ಮಾಡು."

ಹುಡುಗಿಯರು ನಕ್ಕರು, ತಿಂದರು. ಹಿಟ್ಟು ದಂಡವಾಗಲಿಲ್ಲ. ದಿನ ಕಳೆದಂತೆ ಎಡಗೈಗೂ ಬುದ್ಧಿ ಬಂತು. ತಿಂಗಳು ಮುಗಿಯುವ ಹೊತ್ತಿಗೆ ರೊಟ್ಟಿ ಗುಂಡಗೆ, ತೆಳ್ಳಗೆ, ಹಂಚಿನ ಮೇಲೆ ಉಬ್ಬಿ ನಿಲ್ಲುತ್ತಿತ್ತು. ಸಿಮೆಂಟು ಹೊತ್ತು ಕಟ್ಟಿದ ಕಟ್ಟಡಗಳನ್ನು ನೋಡಿದಾಗಲೂ ನನಗೆ ಅಂಥ ಹೆಮ್ಮೆ ಆಗಿರಲಿಲ್ಲ. ಆ ಕಟ್ಟಡಗಳು ಬೇರೆಯವರವು.

ಗಡುವಿನ ದಿನ ಮಗ ಕಾರ್ಖಾನೆಗೆ ರಜೆ ಹಾಕಿ ತಾನೇ ಬಂದ. ಡಾಕ್ಟರಮ್ಮ ಗಾಳಿ ಊದಿದಳು. ನಾನು ಅವಳ ಹುಬ್ಬನ್ನೇ ನೋಡುತ್ತಿದ್ದೆ. ಅದು ಗಂಟಾಗಲಿಲ್ಲ. ಇನ್ನೊಂದು ತೋಳಿಗೂ ಕಟ್ಟಿ ನೋಡಿದಳು.

"ಇಳಿದಿದೆ. ಪೂರ್ತಿ ಅಲ್ಲ, ಆದರೆ ಹೆದರುವಂಥದ್ದೇನೂ ಇಲ್ಲ" ಅಂದಳು.

"ಮತ್ತೆ ಒಲೆ?" ಎಂದು ಕೇಳಿದವನು ಮಗ.

"ಗುಳಿಗೆ ಬಿಡದಿದ್ದರೆ ಒಲೆ ಬಿಡಬೇಕಾಗಿಲ್ಲ. ಶೆಡ್ಡಿಗೆ ಗಾಳಿ ಆಡುವ ಹಾಗೆ ಮಾಡಿಕೊಡಿ. ಮಧ್ಯಾಹ್ನ ಮಲಗಲಿ. ನೋವು ಮಾತ್ರ ಪೂರ್ತಿ ಹೋಗುತ್ತದೆ ಎಂದು ನಾನು ಹೇಳಲಾರೆ."

"ಹೋಗದಿದ್ದರೆ ಇರಲಿ. ಅದಕ್ಕೂ ಒಂದು ಮೂಲೆ ಇದೆ" ಅಂದೆ.

ಬಸ್ಸಿನಲ್ಲಿ ಮಗ ಇಬ್ಬರ ಟಿಕೆಟ್ಟೂ ತೆಗೆಸಿದ. ಆಮೇಲೆ, "ಜೆರಾಕ್ಸಿನವಗ ಏನ್ ಹೇಳ್ಲಿ?" ಅಂದ.

"ಬ್ಯಾರೆ ಕಡೆ ನೋಡಪಾ ಅಂತ ಹೇಳು."

"ಹಿಂದಿನ ತಗಡು ಕೊಯ್ದು ಕಿಟಕಿ ಮಾಡಿಕೊಡ್ತೀನಿ ಬೇ."

"ಮಾಡು. ಬರೇ ಬಾಯಾಗ ಹೇಳಬ್ಯಾಡ."

ಆ ಭಾನುವಾರವೇ ಬಂದು ಕೊಯ್ದ. ಅಂಚು ಕೈಗೆ ತಾಕದ ಹಾಗೆ ಮಡಚಿ, ತಂತಿಯ ಜಾಲರಿ ಬಡಿದು, ಕಾರ್ಖಾನೆಯ ಕೆಲಸದಷ್ಟೇ ಅಚ್ಚುಕಟ್ಟಾಗಿ ಮಾಡಿದ. ಸೋಮವಾರ ಬೆಳಿಗ್ಗೆ ಎಂದಿನಂತೆ ಒಲೆಯ ಮುಂದೆ ಕೂತೆ. ಗಾಳಿ ನೆಟ್ಟಗೆ ಬಲಮಗ್ಗುಲಿಗೇ ಬಂದು ಬಡಿಯಿತು, ಪ್ರಾಣ ಹೋದ ಹಾಗಾಯಿತು. ಮಗನಿಗೆ ಹೇಳಿದರೆ ಕಿಟಕಿ ಮುಚ್ಚುತ್ತೇನೆ ಅನ್ನುತ್ತಾನೆ. ಒಲೆಯನ್ನೂ ಹಲಗೆಯನ್ನೂ ಈ ಕಡೆಯಿಂದ ಆ ಕಡೆಗೆ ತಿರುಗಿಸಿ ಇಟ್ಟುಕೊಂಡೆ. ಗಾಳಿ ಎಡಕ್ಕೆ ಬಂತು, ಒಳ್ಳೆ ಮಗ್ಗುಲಿಗೆ. ಹಂಚು ಕಾಯುವವರೆಗೆ ಹಿಟ್ಟು ನಾದಿದೆ. ಹುಡುಗಿಯರು ತಾಟು ಹಿಡಿದು ಬರುವಷ್ಟರಲ್ಲಿ ಮೊದಲ ಬುಟ್ಟಿ ತುಂಬಿತ್ತು.