ಎರಡನೇ ಬಿಂದುವನ್ನು ಕೇಳಿದೆಯಾ?

ಇಂಟರ್ ಮೊದಲ ವರ್ಷದಲ್ಲಿ, ಅಂದರೆ ನಿಮ್ಮ ಪಿಯುಸಿಯಲ್ಲಿ, ಗಣಿತದ ಸರ್ ನಮ್ಮಪ್ಪನನ್ನು ಕಾಲೇಜಿಗೆ ಕರೆಸಿದರು. ಅವರು ಬೋರ್ಡಿನ ಕಡೆ ತಿರುಗಿದಾಗಲೆಲ್ಲ ನಾನು ಅವರ ಮೂಗಿನ ದನಿ ತೆಗೆಯುತ್ತಿದ್ದೆ, ಕ್ಲಾಸು ಬಿದ್ದು ಬಿದ್ದು ನಗುತ್ತಿತ್ತು. ನನ್ನ ಮಾರ್ಕು ಕೇಳಿದಾಗಲೂ ಅಷ್ಟೇ ನಗುತ್ತಿತ್ತು, ಆ ಮಾತು ಬೇರೆ.

ಮಲ್ಕಾಜ್‌ಗಿರಿ ರೈಲ್ವೆ ಸ್ಟೇಷನ್ನಿನ ಡ್ಯೂಟಿ ಬಿಟ್ಟು ಬಂದ ಅಪ್ಪ ಮೊದಲನೇ ಬೆಂಚಿನಲ್ಲಿ ಮೊಣಕಾಲು ತುರುಕಿಕೊಂಡು ಕೂತ. ಸರ್ ಅವನ ಮುಂದೆ ಒಂದು ಫಾರಂ ಇಟ್ಟು ತೆಲುಗಿನಲ್ಲಿ ಹೇಳಿದರು: "ಇವನಿಗೆ ಗಣಿತ ಸಾಕು. ಕಾಮರ್ಸಿಗೆ ಹಾಕಿ."

"ಒಂದು ಲೆಕ್ಕ ಕೊಟ್ಟು ನೋಡಿ ಸರ್. ಬರಲಿಲ್ಲ ಅಂದರೆ ಈಗಲೇ ಸಹಿ," ಎಂದು ತೆಲುಗಿನಲ್ಲೇ ಹೇಳಿದ ಅಪ್ಪ, ನನಗೆ ಮಾತ್ರ ಕೇಳುವ ಹಾಗೆ ಕನ್ನಡಕ್ಕೆ ಇಳಿದ: "ಮಂಗ್ಯಾ, ಮರ್ಯಾದಿ ಕಳೀಬ್ಯಾಡ."

ಬೋರ್ಡಿನ ಮೇಲೆ ಎರಡು ಬಿಂದು: (−1, 4), (3, −4). ಅವುಗಳ ಮೂಲಕ ಹಾಯುವ ಸರಳರೇಖೆಯ ಸಮೀಕರಣ ಬೇಕು.

ಸೀಮೆಸುಣ್ಣ ಬೆವರಿಗೆ ಜಾರಾಕತ್ತಿತು. ನಾಲ್ಕರಲ್ಲಿ ನಾಲ್ಕು ಹೋದರೆ ಸೊನ್ನೆ, ಇಳಿಜಾರು ಸೊನ್ನೆ, y = 4. ನನ್ನ ಗೆರೆ ಕಾಲು ಚಾಚಿ ಮಲಗಿಬಿಟ್ಟಿತು. ಹಿಂದೆ ಅಪ್ಪ ಪೆನ್ನಿನ ಕ್ಯಾಪು ತೆಗೆದ ಸದ್ದು.

ಆ ಹೆದರಿಕೆಯಲ್ಲಿ ನನ್ನ ಬಾಯಿಂದ ಸರ್ ದನಿ ಹೊರಬಿತ್ತು. ಅದೇ ಮೂಗು, ಅವರು ದಿನಾ ಕೇಳುವ ಅದೇ ಪ್ರಶ್ನೆ: "ಏಂ ಬಾಬೂ, ರೆಂಡೋ ಪಾಯಿಂಟ್‌ನಿ ಅಡಿಗಾವಾ?" ಎರಡನೇ ಬಿಂದುವನ್ನು ಕೇಳಿದೆಯಾ?

ಸತ್ತೆ ಅಂದುಕೊಂಡೆ. ಆದರೆ ಕೇಳಿದ ಮೇಲೆ ಉತ್ತರ ಕೊಡಬೇಕಲ್ಲ. x ಮೂರಾದಾಗ y ಮೈನಸ್ ನಾಲ್ಕಿರಬೇಕು, ನನ್ನ ಗೆರೆಯಲ್ಲಿ ಬರೀ ನಾಲ್ಕು. ಮೈನಸ್ ನುಂಗಿಬಿಟ್ಟಿದ್ದೆ! ಒರೆಸಿದೆ. ನಿಲ್ಲಿಸಲಿಕ್ಕೆ ಬಾರದೆ ಆ ದನಿಯಲ್ಲೇ ಒದರುತ್ತಾ ಹೋದೆ: ಮೈನಸ್ ನಾಲ್ಕರಲ್ಲಿ ನಾಲ್ಕು ಕಳೆದರೆ ಮೈನಸ್ ಎಂಟು, ಕೆಳಗೆ ಮೂರು ಪ್ಲಸ್ ಒಂದು ನಾಲ್ಕು, ಇಳಿಜಾರು ಮೈನಸ್ ಎರಡು. 2x + y − 2 = 0. ಎರಡನೇ ಬಿಂದುವನ್ನು ಹಾಕಿದೆ: ಆರರಲ್ಲಿ ನಾಲ್ಕು ಹೋಗಿ, ಎರಡು ಹೋಗಿ, ಸೊನ್ನೆ.

ತಿರುಗಿ ನೋಡುವ ಧೈರ್ಯ ಬರಲಿಲ್ಲ.

"ನನ್ನ ಮೂಗು ಅಷ್ಟು ಕಟ್ಟಿರುತ್ತಾ?" ಸರ್ ಅಪ್ಪನನ್ನು ಕೇಳಿದರು.

"ಮನೆಯಲ್ಲಿ ನನ್ನ ದನಿ ಇನ್ನೂ ಕೆಟ್ಟದಾಗಿ ತೆಗೀತಾನೆ ಸರ್."

ಸರ್ ಬೇರೆ ಎರಡು ಬಿಂದು ಬರೆದರು. "ಈಗ ಬಾಯಿ ಮುಚ್ಚಿಕೊಂಡು ಮಾಡು."

ತುಟಿ ಕಚ್ಚಿಕೊಂಡು ಮಾಡಿದೆ. ಮೈನಸ್ಸನ್ನು ಮುಟ್ಟಿ ಮುಟ್ಟಿ ನೋಡಿದೆ. ಸರ್ ಉತ್ತರಕ್ಕೆ ಟಿಕ್ ಹಾಕಿ, ಅಪ್ಪನ ಕೈಯಿಂದ ಫಾರಂ ತೆಗೆದುಕೊಂಡು ಮಡಚಿ ತಮ್ಮ ಅಂಗಿ ಜೇಬಿಗೆ ಇಳಿಸಿದರು.

"ಮುಂದಿನ ಟೆಸ್ಟಿನ ತನಕ ಇದು ನನ್ನ ಹತ್ತಿರ ಇರಲಿ."

ಮರುದಿನದಿಂದ ಸರ್ ನಮ್ಮ ಕಡೆ ತಿರುಗಿದಾಗಲೆಲ್ಲ ನನ್ನ ಕಣ್ಣು ಆ ಜೇಬಿನ ಮೇಲೇ.