ಅತ್ತೆ ಓಡಿಸಿದ ಬೆಳಗುಗಳು

ಮೊನ್ನೆ ಬೆಳಿಗ್ಗೆ ಗಂಗಾವತಿಯ ನಮ್ಮ ಓಣಿಯಲ್ಲಿ ಓಡಿ ಬರುತ್ತಿದ್ದಾಗ ಯಾರದೋ ಮನೆಯಿಂದ ಸಜ್ಜೆ ರೊಟ್ಟಿಯ ವಾಸನೆ ಬಂತು. ಎಳ್ಳು ಹಚ್ಚಿ ತಟ್ಟಿದ ರೊಟ್ಟಿ, ಹಂಚಿನ ಮೇಲೆ ತುಸು ಸೀದಿತ್ತು. ನಿಂತುಬಿಟ್ಟೆ. ನಿಂತ ಕೂಡಲೇ ಕಿವಿಯಲ್ಲಿ ಬೈಗುಳ ಕೇಳಿದಂತಾಯಿತು: "ಯಾಕ್ ನಿಂತಿ? ಓಡವಾ!" ಅದು ನನ್ನ ಅತ್ತೆ, ಗಂಡನ ತಾಯಿ. ಸತ್ತ ಮೇಲೂ ಬಿಡುವುದಿಲ್ಲವಲ್ಲ ಈ ಹೆಂಗಸು ಎಂದು ಸಿಟ್ಟೇ ಬಂತು...

ನಿಜ ಹೇಳಬೇಕೆಂದರೆ, ನಾನು ಮದುವೆಗೆ ಅಷ್ಟು ಬೇಗ ಒಪ್ಪಿದ್ದೇ ಓಟದಿಂದ ಪಾರಾಗಲು. ತವರು ಸಿದ್ದಾಪುರ, ಕಾಲುವೆ ನೀರಿನ ಭತ್ತದ ಊರು. ಅಪ್ಪನಿಗೆ ಓಟದ ಹುಚ್ಚು. ಬೆಳಕು ಹರಿಯುವ ಮೊದಲೇ ನನ್ನನ್ನೂ ತಂಗಿಯನ್ನೂ ಎಬ್ಬಿಸಿ ಕಾಲುವೆಯ ದಂಡೆಯ ಮೇಲೆ ಓಡಿಸುತ್ತಿದ್ದ. ತಾನು ಮಾತ್ರ ಹಿಂದೆ ಸೈಕಲ್ ಮೇಲೆ. ಮನೆಗೆ ಬಂದರೆ ರಾತ್ರಿಯ ಅನ್ನ, ಮೊಸರು, ಉಪ್ಪಿನಕಾಯಿ. ಆ ಅನ್ನ ರುಚಿಯಾಗಿತ್ತು, ಒಪ್ಪುತ್ತೇನೆ. ಓಟವಲ್ಲ. ೧೯೯೯ರಲ್ಲಿ ತಾವರಗೇರಾದ ಬಟ್ಟೆ ಅಂಗಡಿಯವರ ಮನೆಗೆ ಸೊಸೆಯಾಗಿ ಬಂದಾಗ, ಇನ್ನು ಮೇಲೆ ಸೂರ್ಯ ಹುಟ್ಟುವವರೆಗೆ ಮಲಗಬಹುದು ಎಂಬುದೇ ನನ್ನ ದೊಡ್ಡ ಸಂತೋಷವಾಗಿತ್ತು.

ಆದರೆ ಅವ್ವ ನನ್ನ ಟ್ರಂಕಿನಲ್ಲಿ ಸೀರೆಗಳ ನಡುವೆ ಕಾಲೇಜಿನ ಪದಕಗಳನ್ನೂ ಇಟ್ಟು ಕಳಿಸಿದ್ದಳು. ಅತ್ತೆಯ ಕೈಗೆ ಸಿಕ್ಕವು.

"ಇವೇನವಾ?"

"ಓಟದಾಗ ಬಂದಾವ್ರಿ ಅತ್ತಿ. ಈಗ ಬಿಟ್ಟೀನ್ರಿ."

"ಯಾಕ್ ಬಿಟ್ಟಿ? ಕಾಲು ಅದಾವಲ್ಲ?"

ಅಷ್ಟೇ. ಮರುದಿನ ನಸುಕಿನಲ್ಲಿ ನಮ್ಮ ಕೋಣೆಯ ಬಾಗಿಲು ಬಡಿದ ಸದ್ದಾಯಿತು. ಅಂಗಡಿಯಿಂದ ತಾವೇ ಆರಿಸಿ ತಂದ ಪಂಜಾಬಿ ಡ್ರೆಸ್ ಅತ್ತೆಯ ಕೈಯಲ್ಲಿತ್ತು. ಪಡಸಾಲೆಯಲ್ಲಿ ಮಲಗಿದ್ದ ಮಾವ ಎದ್ದು ಕೂತು, "ಮಂದಿ ಏನ್ ಅಂದಾರು?" ಎಂದರು. ನನಗೆ ಜೀವ ಬಂದಂತಾಯಿತು. ಅತ್ತೆ ತಿರುಗಿಯೂ ನೋಡಲಿಲ್ಲ. "ನೀವು ಅಂಗಡಿ ನೋಡ್ಕೋರಿ. ಇದನ್ನ ನನಗ ಬಿಡ್ರಿ." ಮಾವ ಮತ್ತೆ ಹೊದ್ದುಕೊಂಡರು. ಊರಿನ ಸೊಸೆಯಂದಿರೆಲ್ಲ ಅತ್ತೆ ಹೊರಗೆ ಬಿಡುವುದಿಲ್ಲವೆಂದು ಅಳುತ್ತಿದ್ದ ಕಾಲದಲ್ಲಿ ನನ್ನ ಗೋಳು ಇದು. ಯಾರ ಮುಂದೆ ಹೇಳಲಿ?

ಅತ್ತೆಗೆ ಓಟದ ಬಗ್ಗೆ ಏನೂ ಗೊತ್ತಿರಲಿಲ್ಲ. ಹಾಗೆಂದು ಸಲಹೆ ಕೊಡುವುದು ನಿಲ್ಲಲಿಲ್ಲ. ಶಾಲೆಯ ಮೈದಾನದ ಕಟ್ಟೆಯ ಮೇಲೆ ಬುತ್ತಿಯ ಗಂಟು ತೊಡೆಯಲ್ಲಿಟ್ಟುಕೊಂಡು ಕೂತು ಕೂಗುತ್ತಿದ್ದರು: "ಉಸಿರು ಹಿಡಕೊಂಡು ಓಡು!" "ಕೈ ಯಾಕ್ ಬೀಸ್ತಿ? ಕಾಲಿಂದ ಓಡು!" ಉಸಿರು ಹಿಡಿದು ಯಾರಾದರೂ ಓಡುತ್ತಾರೆಯೇ? ಹಾಗೆಂದು ಹೇಳಿದರೆ, "ನೀವು ಕಾಲುವಿ ಮಂದಿ. ಅನ್ನಾ ಉಂಡು ಬೆಳದೀರಿ. ನಿಮಗೇನ್ ಗೊತ್ತು?" ಎಂಬ ಉತ್ತರ.

ಕೆಲವು ದಿನಗಳಲ್ಲಿ ನನ್ನ ಗಂಡನನ್ನೂ ಎಳೆದು ತಂದರು. ಆತ ಒಂದು ಸುತ್ತು ಓಡಿ, ಬಂದು ತಾಯಿಯ ಪಕ್ಕ ಕೂತು ಗಂಟು ಬಿಚ್ಚತೊಡಗಿದ. ಅತ್ತೆ ಅವನ ಕೈಗೆ ಹೊಡೆದು, "ಓಡಿದವರಿಗೆ ಮೊದ್ಲ!" ಎಂದರು. ಗಂಟಿನಲ್ಲಿ ಸಜ್ಜೆ ರೊಟ್ಟಿ, ಕುಟ್ಟಿದ ಕೆಂಪು ಮೆಣಸಿನಕಾಯಿಯ ಹಿಂಡಿ, ಗಟ್ಟಿ ಮೊಸರು ಇರುತ್ತಿದ್ದವು. ಉಳ್ಳಾಗಡ್ಡಿಯನ್ನು ಕಟ್ಟೆಯ ಮೇಲಿಟ್ಟು ಮುಷ್ಟಿಯಿಂದ ಗುದ್ದಿ ಒಡೆದು ಕೊಡುತ್ತಿದ್ದರು. ನಾನು ಸಿಟ್ಟಿನಲ್ಲಿಯೇ ತಿನ್ನುತ್ತಿದ್ದೆ. ಇನ್ನೊಂದು ರೊಟ್ಟಿಯನ್ನೂ ಸಿಟ್ಟಿನಲ್ಲಿಯೇ ಕೇಳುತ್ತಿದ್ದೆ.

ಮುಂದಿನ ಚಳಿಗಾಲದಲ್ಲಿ ಕುಷ್ಟಗಿಯಲ್ಲಿ ಹೆಂಗಸರ ಓಟದ ಸ್ಪರ್ಧೆ ಇಟ್ಟರು. ಅತ್ತೆ ನನ್ನನ್ನು ಕೇಳದೆ ಹೆಸರು ಕೊಟ್ಟರು. ಸೀರೆ ಕೊಳ್ಳಲು ಬಂದವರಿಗೆಲ್ಲ, "ನಮ್ಮ ಸೊಸಿ ಗೆಲ್ತಾಳ, ನೋಡಾಕ ಬರ್ರಿ" ಎಂದು ಹೇಳಿದರು. ಮಾನ ಉಳಿಸಿಕೊಳ್ಳಲಿಕ್ಕಾದರೂ ನಾನು ಗೆಲ್ಲಲೇಬೇಕಿತ್ತು. ಮೈದಾನದಲ್ಲಿ ಕೊನೆಯ ಸುತ್ತಿಗೆ ಬಂದಾಗ ನಾನೇ ಮುಂದಿದ್ದೆ. ಯಲಬುರ್ಗಾದ ಹುಡುಗಿಯೊಬ್ಬಳು ಬಹಳ ಹಿಂದೆ ಉಳಿದಿದ್ದಳು.

ಆಗ ಅತ್ತೆ ಸುಣ್ಣದ ಗೆರೆ ದಾಟಿ ಒಳಗೆ ಬಂದರು. ಕೈಯಲ್ಲಿ ಮಜ್ಜಿಗೆಯ ಲೋಟ. ನನ್ನ ದಾರಿಗೆ ಅಡ್ಡ ನಿಂತು ರಟ್ಟೆ ಹಿಡಿದರು.

"ದಾರಿ ಬಿಡ್ರಿ ಅತ್ತಿ!"

"ಮೊದ್ಲ ಕುಡಿ. ಆಮ್ಯಾಲ ಓಡು."

ಮಂದಿ ಹೋ ಎಂದು ಕೂಗುತ್ತಿದ್ದರು. ಅತ್ತೆ ಕೈ ಬಿಡಲಿಲ್ಲ. ಗಟಗಟ ಕುಡಿದು ಓಡಿದೆ. ಅಷ್ಟರಲ್ಲಿ ಯಲಬುರ್ಗಾದ ಹುಡುಗಿ ಮುಂದೆ ಹೋಗಿದ್ದಳು, ಅವಳ ಹಿಂದೆ ಮತ್ತೊಬ್ಬಳು. ನಾನು ಮೂರನೆಯವಳು. ಮೂರನೆಯವಳಿಗೆ ಬಹುಮಾನವೇ ಇರಲಿಲ್ಲ.

ಬಸ್ಸಿನಲ್ಲಿ ನಾನು ಕಿಟಕಿಯತ್ತ ಮುಖ ತಿರುಗಿಸಿ ಕೂತೆ. ಊರು ಹತ್ತಿರ ಬಂದಾಗ ಅತ್ತೆಯೇ ಕೇಳಿದರು.

"ನನ್ನ ಮ್ಯಾಲ ಸಿಟ್ಟು ಐತಿ?"

"ನಾ ಗೆಲ್ತಿದ್ನಿರಿ."

"ಗೆಲ್ತಿದ್ದಿ, ಗೊತ್ತೈತಿ. ಆದ್ರ ನಿನ್ನ ತುಟಿ ಬೆಳ್ಳಗಾಗಿತ್ತವಾ. ಮಂದಿಗೆ ನೀ ಓಡೂದು ಕಾಣ್ತಿತ್ತು, ನನಗ ತುಟಿ ಕಾಣ್ತಿತ್ತು. ನಾ ಏನ್ ಮಾಡ್ಲಿ?"

ಸಿಟ್ಟು ಮಾತ್ರ ಇಳಿಯಲಿಲ್ಲ. ಮರುದಿನ ನಸುಕಿನಲ್ಲಿ ಮತ್ತೆ ಬಾಗಿಲು ಬಡಿದ ಸದ್ದಾಯಿತು. ಗೊಣಗುತ್ತ ಎದ್ದೆ.

ಮಾವ ತೀರಿದ ಮೇಲೆ ಅಂಗಡಿ ಗಂಗಾವತಿಗೆ ಬಂತು, ನಾವೂ ಬಂದೆವು. ನನ್ನ ಮಗಳು ಓಡುವಷ್ಟು ದೊಡ್ಡವಳಾದಾಗ ಅತ್ತೆ ಅವಳನ್ನೂ ಬಿಡಲಿಲ್ಲ. ಅಷ್ಟರಲ್ಲಿ ಅತ್ತೆಯ ಮೊಣಕಾಲು ಹೋಗಿದ್ದವು. ಮೈದಾನಕ್ಕೆ ಬರಲಾಗದೆ ಬಾಗಿಲಲ್ಲೇ ಕುರ್ಚಿ ಹಾಕಿ ಕೂರುತ್ತಿದ್ದರು. ನಾವು ತಿರುಗಿ ಬಂದರೆ, "ಇವತ್ತ ಲಗೂ ಬಂದೀರಿ. ಎಲ್ಲೋ ಕುಂತು ಬಂದೀರಿ" ಎಂದು ಗುಮಾನಿ. ಪೂರ್ತಿ ಓಡಿದ್ದೇವೆ ಎಂದು ಆಣೆ ಮಾಡಿದರೂ ನಂಬುತ್ತಿರಲಿಲ್ಲ. ನಂಬದೆಯೇ ತಟ್ಟೆ ಮುಂದಿಡುತ್ತಿದ್ದರು.

ಕೊನೆಗೆ ಕೊಪ್ಪಳದ ಆಸ್ಪತ್ರೆ. ಹಾಸಿಗೆಯ ಪಕ್ಕ ಕೂತಿದ್ದೆ. ಕಣ್ಣು ಬಿಟ್ಟು ನನ್ನನ್ನು ನೋಡಿ, "ಇಲ್ಲ್ಯಾಕ್ ಕುಂತಿ? ಹೋಗು, ಓಡಿ ಬಾ" ಎಂದರು. ಅಂಥ ಹೊತ್ತಿನಲ್ಲೂ ನನಗೆ ರೇಗಿತು. ಆದರೂ ಹೋದೆ. ಸೀರೆಯಲ್ಲಿ, ಚಪ್ಪಲಿ ಕೈಯಲ್ಲಿ ಹಿಡಿದು ಆಸ್ಪತ್ರೆಯ ಆವರಣವನ್ನು ಒಂದು ಸುತ್ತು ಹಾಕಿದೆ. ಮಂದಿ ಏನಾಯಿತೆಂದು ಗಾಬರಿಯಿಂದ ನೋಡಿದರು. ಏದುಸಿರು ಬಿಡುತ್ತ ಬಂದು ನಿಂತಾಗ ಅತ್ತೆ ನನ್ನ ತುಟಿಯನ್ನೇ ನೋಡಿದರು.

"ಉಂಡಿಯೇನು?" ಎಂದರು.

ಆಮೇಲೆ ಅವರು ಮಾತಾಡಿದ್ದು ನನಗೆ ನೆನಪಿಲ್ಲ...

ಈಗ ಮಗಳು ಹಾಸ್ಟೆಲಿನಲ್ಲಿದ್ದಾಳೆ. ಗಂಡ ಬೆಳಿಗ್ಗೆ ಬೇಗ ಅಂಗಡಿಗೆ ಹೋಗುತ್ತಾನೆ. ಮೊನ್ನೆ ಓಡಿ ಬಂದವಳು ಅಡುಗೆಮನೆಯಲ್ಲಿ ನಿಂತುಕೊಂಡೇ ಎರಡು ಚಪಾತಿ ತಿಂದೆ. ಯಾರೂ ತಪ್ಪು ತೆಗೆಯಲಿಲ್ಲ. ತಿನ್ನುವುದು ಬಹಳ ಬೇಗ ಮುಗಿದುಹೋಯಿತು.